ನೀವು ಯಾವ ರೈಲು ಎಂಜಿನ್? ಮನೆಯವಳು ನನ್ನನ್ನು ಆಲ್ಕೋ ಅಂದಳು

ಹೊಗೆಬಂಡಿ_ಹರಿ:
ಮೊನ್ನೆ ಭಾನುವಾರ ನೀರಿನ ಟ್ಯಾಂಕ್ ತೊಳೆಯಬೇಕಿತ್ತು. ಎಂಟಕ್ಕೆ ಎದ್ದೆ. ಒಂಬತ್ತಕ್ಕೆ ಕಾಫಿ ಕುಡಿದೆ. ಹತ್ತಕ್ಕೆ ಪೊರಕೆ ಹುಡುಕಿದೆ. ಹತ್ತೂವರೆಗೆ ಪೊರಕೆ ಸರಿಯಿಲ್ಲ ಎಂದು ಮನೆಮಂದಿಗೆಲ್ಲ ಕೂಗಾಡಿದೆ. ಹನ್ನೊಂದಕ್ಕೆ ಟ್ಯಾಂಕಿಗೆ ಇಳಿದವನು ಒಂದೇ ಗಂಟೆಯಲ್ಲಿ ಪಳಪಳ ಮಾಡಿಟ್ಟೆ. ಕೆಳಗೆ ಬಂದರೆ ಮನೆಯವಳು, "ನೀವು ಥೇಟ್ ಆ ಹಳೇ ಡೀಸೆಲ್ ಎಂಜಿನ್ ಕಣ್ರೀ. ಗಾಡಿ ಒಂದು ಮಾರು ಹೋಗಿರಲ್ಲ, ಊರೆಲ್ಲ ಹೊಗೆ" ಎಂದಳು.

ಬೈಗುಳವಾ ಹೊಗಳಿಕೆಯಾ ಗೊತ್ತಾಗಲಿಲ್ಲ. ಆದರೆ ಯೋಚನೆ ಮಾಡಿದರೆ ಪೂರ್ತಿ ನಿಜ. ಅವಳು ಹೇಳಿದ್ದು ಆಲ್ಕೋ, ಅಂದರೆ ಡಬ್ಲ್ಯುಡಿಎಂ-2 ಎನ್ನುವ ಹಳೇ ಡೀಸೆಲ್ ಎಂಜಿನ್. ಅದು ಯಾಕೆ ಹಾಗೆ ಕರಿ ಹೊಗೆ ಕಾರುತ್ತಿತ್ತು ಹೇಳಿ? ಡ್ರೈವರ್ ನಾಚ್ (ಶಕ್ತಿ ಏರಿಸುವ ಹಿಡಿಕೆಯ ಮೆಟ್ಟಿಲು) ಏರಿಸಿದ ತಕ್ಷಣ ಡೀಸೆಲ್ ಒಳಗೆ ಬರುತ್ತದೆ. ಆದರೆ ಗಾಳಿ ತಳ್ಳುವ ಟರ್ಬೋ ನಿಧಾನಕ್ಕೆ ವೇಗ ಹಿಡಿಯುತ್ತದೆ. ಗಾಳಿ ಸಾಲದೆ ಎಣ್ಣೆ ಅರ್ಧಂಬರ್ಧ ಉರಿಯುತ್ತದೆ, ಅದೇ ಹೊಗೆ. ಟರ್ಬೋ ಬಂದ ಮೇಲೆ ಹೊಗೆ ತಿಳಿಯಾಗುತ್ತದೆ, 12 ಸಿಲಿಂಡರೂ ಎದೆ ಬಡಿದ ಹಾಗೆ ಎಳೆಯುತ್ತವೆ. ನನ್ನದೂ ಅದೇ ಕಥೆ. ಬಾಯಿ ಮೊದಲು, ಕೆಲಸ ಆಮೇಲೆ. ಆದರೆ ಕೆಲಸ ಆಗುತ್ತದೆ.

ಈಗ ನಿಮ್ಮ ಸರದಿ. ನಿಯಮ ಮೂರೇ.
1) ಎಂಜಿನ್ ಹೆಸರು ಹೇಳಿದರೆ ಸಾಲದು, ಕಾರಣ ಬೇಕು.
2) ಎಂಜಿನ್ನೇ ಆಗಬೇಕು. ಬೋಗಿ, ಸಿಗ್ನಲ್, ಸ್ಟೇಷನ್ ಕ್ಯಾಂಟೀನ್ ನಡೆಯಲ್ಲ.
3) ಎಲ್ಲರೂ 'ನಾನು ಡಬ್ಲ್ಯುಎಪಿ-7' ಎಂದು ಆ ಬಲಶಾಲಿ ಎಲೆಕ್ಟ್ರಿಕ್ ಎಂಜಿನ್ನಿನ ಹೆಸರು ಹೇಳಿ ಕೊಚ್ಚಿಕೊಳ್ಳಬೇಡಿ.

ಲೆಕ್ಕದ_ಮೇಷ್ಟ್ರು:
16 ಸಿಲಿಂಡರ್. 12 ಅಲ್ಲ.

ಹೊಗೆಬಂಡಿ_ಹರಿ:
ಶುರುವಾಯ್ತು.

ಲೆಕ್ಕದ_ಮೇಷ್ಟ್ರು:
ತಪ್ಪು ಇದ್ದರೆ ಹೇಳಬೇಕಲ್ವಾ? 16 ಸಿಲಿಂಡರ್, 2600 ಅಶ್ವಶಕ್ತಿ. 1962ರಲ್ಲಿ ಮೊದಲ ಎಂಜಿನ್‌ಗಳು ಅಮೆರಿಕದ ಆಲ್ಕೋ ಕಂಪನಿಯಿಂದ ಬಂದವು. 1964ರಿಂದ ವಾರಾಣಸಿಯಲ್ಲೇ ತಯಾರಿ. ಇನ್ನೊಂದು ವಿಷಯ, ಆಲ್ಕೋ ಕಂಪನಿ 1969ರಲ್ಲೇ ಎಂಜಿನ್ ಮಾಡುವುದನ್ನು ನಿಲ್ಲಿಸಿತು. ನಮ್ಮವರು ಆಮೇಲೂ ಹತ್ತಾರು ವರ್ಷ ಅದೇ ನಮೂನೆಯನ್ನು ತಿದ್ದಿ ತೀಡಿ ಮಾಡುತ್ತಲೇ ಇದ್ದರು.

ಮೀಟರ್‌ಗೇಜ್_ಮಾವ:
ಬೀಗರ ಮನೆ ಮುಚ್ಚಿಹೋದರೂ ಸೊಸೆ ಅವರ ಅಡುಗೆಯನ್ನೇ ಮಾಡುತ್ತಿದ್ದ ಹಾಗೆ. ಹರಿ, ನಿಮ್ಮ ಮನೆಯವರು ಹೊಗಳಿದ್ದೇ ಅನ್ನಿ. ಎರಡೂವರೆ ಸಾವಿರಕ್ಕೂ ಜಾಸ್ತಿ ಮಾಡಿದ ಎಂಜಿನ್ ಅದು. ಎಕ್ಸ್‌ಪ್ರೆಸ್‌ಗೆ ಕಟ್ಟಿದರೂ ಸೈ, ಗೂಡ್ಸ್‌ಗೆ ಕಟ್ಟಿದರೂ ಸೈ.

ಹುಬ್ಬಳ್ಳಿ_ಹುಡುಗ:
ಆಲ್ಕೋ ಪುರಾಣ ಸಾಕು ಮಾಡ್ರೀ. ರಾತ್ರಿ ಆಫ್ ಮಾಡಿದರೆ ಬೆಳಿಗ್ಗೆ ಸ್ಟಾರ್ಟ್ ಆಗುವ ಭರವಸೆ ಇಲ್ಲ ಅಂತ ರಾತ್ರಿಯಿಡೀ ಗುಡುಗುಡು ಅಂತ ಓಡಿಸಿಯೇ ಇಡುತ್ತಿದ್ದರು. ಅಂಥ ಮನುಷ್ಯನ ಜೊತೆ ಸಂಸಾರ ಮಾಡುವವರಿಗೆ ಕೈ ಮುಗಿಯಬೇಕು.

ನಾನು ಇಎಂಡಿ, ಅಮೆರಿಕದ ಇನ್ನೊಂದು ಕಂಪನಿಯ ನಮೂನೆ. ನಮ್ಮ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4. 4000 ಅಶ್ವಶಕ್ತಿ ಇದ್ದರೂ ಸದ್ದು ಮಾತ್ರ ಹ್ಞೂಂ ಅನ್ನುವ ಗುಂಯ್‌ಗುಟ್ಟು. ಅದಿರು ತುಂಬಿದ ಗಾಡಿ ಕಟ್ಟಿದರೂ ಮುಖ ಸಿಂಡರಿಸುವುದಿಲ್ಲ. ಮಾತು ಕಡಿಮೆ, ಭಾರ ಜಾಸ್ತಿ. ಮನೆಯಲ್ಲಿ ಅವ್ವ ಹೇಳುವುದೂ ಅದನ್ನೇ, "ಇವಗ ಎಷ್ಟ್ ಕೆಲಸ ಹಚ್ಚಿದ್ರೂ ತುಟಿ ಪಿಟಕ್ ಅನ್ನಂಗಿಲ್ಲ."

ಹೊಗೆಬಂಡಿ_ಹರಿ:
ಮಾತು ಕಡಿಮೆ ಅಂದವನು ಬರೆದಿದ್ದು ಎಷ್ಟು ಸಾಲು ನೋಡಿ.

ಕೋಡ್_ಬರೆಯುವ_ಕುಮಾರ:
ನನ್ನ ಬಗ್ಗೆ ಗೊತ್ತಿಲ್ಲ. ನಮ್ಮ ಆಫೀಸಿನ ಟೀಮ್ ಯಾವ ಎಂಜಿನ್ ಅಂತ ಮಾತ್ರ ಖಚಿತವಾಗಿ ಗೊತ್ತು. ಮೊದಲ ಡಬ್ಲ್ಯುಡಿಪಿ-4. ಅದರ ಕೆಳಗೆ ಚಕ್ರ ಕೂರಿಸಿದ ಎರಡು ಚೌಕಟ್ಟು, ಒಂದೊಂದಕ್ಕೆ ಮೂರು ಆಕ್ಸಲ್. ಮೋಟರ್ ಇರುವುದು ಎರಡಕ್ಕೆ. ಮೂರನೆಯದು ಸುಮ್ನೆ ಉರುಳುತ್ತದೆ. ಒಟ್ಟು ಆರರಲ್ಲಿ ನಾಲ್ಕು ದುಡಿಯುತ್ತವೆ, ಎರಡು ಮೀಟಿಂಗ್‌ನಲ್ಲಿರುತ್ತವೆ.

ಅದಕ್ಕೇ ಆಮೇಲೆ ಆರಕ್ಕೂ ಮೋಟರ್ ಹಾಕಿ ಡಬ್ಲ್ಯುಡಿಪಿ-4ಬಿ ಮಾಡಿದರು. ನಮ್ಮ ಆಫೀಸಿನಲ್ಲಿ ಆ ಸುಧಾರಣೆ ಇನ್ನೂ ಬಂದಿಲ್ಲ.

ಘಾಟಿ_ಮಳೆ:
😂 ಮಾರಾಯ್ರೇ, ಆ ಉರುಳುವ ಆಕ್ಸಲ್‌ಗೂ ಸಂಬಳ ಅಷ್ಟೇನಾ?

ಕೋಡ್_ಬರೆಯುವ_ಕುಮಾರ:
ಜಾಸ್ತಿ.

ಹುಬ್ಬಳ್ಳಿ_ಹುಡುಗ:
ತಮಾಷೆ ಸರಿ, ಆದರೆ ಅದಕ್ಕೂ ಭಾರ ಹೊರುವ ಕೆಲಸ ಇದೆ. ಎಂಜಿನ್ ತೂಕ ಆರು ಆಕ್ಸಲ್‌ಗೂ ಹಂಚಿಹೋಗುತ್ತದೆ. ಸುಮ್ನೆ ಕೂತವರೂ ಭಾರ ಹೊರುತ್ತಾರೆ ಸ್ವಾಮಿ.

ಕೋಡ್_ಬರೆಯುವ_ಕುಮಾರ:
ನಮ್ಮ ಮ್ಯಾನೇಜರ್ ಹೇಳುವುದೂ ಇದನ್ನೇ. ನೀವು ಅವರಲ್ಲ ತಾನೆ?

ಬಸ್ಸಿನಿಂದ_ಬಂದವನು:
ಎಂಜಿನ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಡಬ್ಲ್ಯುಎಪಿ-7 ಅಂದರೆ 7000 ಅಶ್ವಶಕ್ತಿ ಅಲ್ವಾ? ಹಾಗಾದರೆ ನಾನು ಅದೇ. ಜಿಮ್‌ಗೆ ಹೋಗುತ್ತೇನೆ.

ಲೆಕ್ಕದ_ಮೇಷ್ಟ್ರು:
ಅಲ್ಲ. 6350. ಎಲೆಕ್ಟ್ರಿಕ್ ಎಂಜಿನ್‌ನಲ್ಲಿ ಕೊನೆಯ ಅಂಕಿ ಬರೀ ಸರಣಿ ಸಂಖ್ಯೆ. ಹೊಸ ಡೀಸೆಲ್‌ಗಳಲ್ಲಿ ಮಾತ್ರ ಅಂಕಿಗೆ ಶಕ್ತಿಯ ಅರ್ಥ. ಡಬ್ಲ್ಯುಡಿಎಂ-3ಎ ಅಂದರೆ 3 ಸಾವಿರ, 'ಎ'ಗೆ ಇನ್ನೊಂದು ನೂರು, ಒಟ್ಟು 3100. ಅಂಕಿಗೆ ಮೊದಲು ಬರುವ ಅಕ್ಷರಗಳು ಸುಲಭ. ಮೊದಲ ಡಬ್ಲ್ಯು ಬ್ರಾಡ್‌ಗೇಜ್, ವೈ ಮೀಟರ್‌ಗೇಜ್. ಡಿ ಡೀಸೆಲ್, ಎ ಅಂದರೆ ಎಸಿ ಕರೆಂಟ್. ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಂ ಎರಡಕ್ಕೂ, ಎಸ್ ಶಂಟಿಂಗ್.

ಹುಬ್ಬಳ್ಳಿ_ಹುಡುಗ:
ಹಾಗಾದರೆ ಮೇಷ್ಟ್ರೇ, ಡಬ್ಲ್ಯುಡಿಪಿ-4ಬಿ ಅಂದರೆ 4200 ಆಗಬೇಕು. ಎಷ್ಟು ಹೇಳಿ?

ಲೆಕ್ಕದ_ಮೇಷ್ಟ್ರು:
4500.

ಹುಬ್ಬಳ್ಳಿ_ಹುಡುಗ:
ಡಬ್ಲ್ಯುಡಿಎಂ-3ಡಿ 3400 ಆಗಬೇಕು. ಎಷ್ಟು?

ಲೆಕ್ಕದ_ಮೇಷ್ಟ್ರು:
3300. ಇದರಿಂದ ನನಗೂ ನೋವಿದೆ.

ಅರಸೀಕೆರೆ_ಅಕ್ಕ:
ನಿಯಮ 3 ಮುರಿಯುತ್ತಿದ್ದೇನೆ, ಕ್ಷಮಿಸಿ. ಡಬ್ಲ್ಯುಎಪಿ-7 ನಾನೇ. ಕೊಚ್ಚಿಕೊಳ್ಳುವುದಕ್ಕಲ್ಲ, ಗೋಳು ಹೇಳಿಕೊಳ್ಳುವುದಕ್ಕೆ.

ಹಿಂದೆ ಎಲ್‌ಎಚ್‌ಬಿ ಎನ್ನುವ ಹೊಸ ನಮೂನೆಯ ಬೋಗಿಗಳ ರೈಲುಗಳಲ್ಲಿ ಎರಡು ಕಡೆ ಪವರ್ ಕಾರ್ ಇರುತ್ತಿತ್ತು. ಎಸಿ, ಫ್ಯಾನ್, ಲೈಟಿಗೆಲ್ಲ ಅದರೊಳಗಿನ ಡೀಸೆಲ್ ಜನರೇಟರಿಂದ ಕರೆಂಟ್. ಎಂಜಿನ್‌ಗೆ ಎಳೆಯುವುದಷ್ಟೇ ಕೆಲಸ. ಆಮೇಲೆ ಯಾರಿಗೋ ಹೊಳೆಯಿತು, ಹೇಗಿದ್ದರೂ ಎಂಜಿನ್ ತಲೆ ಮೇಲೆ ತಂತಿ ಇದೆಯಲ್ಲ, ಬೋಗಿಗಳಿಗೂ ಇದೇ ಕರೆಂಟ್ ಕೊಡಲಿ ಅಂತ. ಈಗ ಎಳೆಯುವುದೂ ಅದೇ, ಇಪ್ಪತ್ತು ಚಿಲ್ಲರೆ ಬೋಗಿಗಳಲ್ಲಿ ಫ್ಯಾನ್ ತಿರುಗಿಸುವುದೂ ಅದೇ, ಮೊಬೈಲ್ ಚಾರ್ಜ್ ಮಾಡುವುದೂ ಅದೇ.

ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ಮಾವನವರ ಮಾತ್ರೆ ಎತ್ತಿಟ್ಟು, 7.40ರ ರೈಲು ಹಿಡಿದು ಆಫೀಸಿಗೆ ಹೋಗಿ, ಅಲ್ಲಿಂದಲೇ "ಅಮ್ಮಾ, ಸಾಕ್ಸ್ ಎಲ್ಲಿದೆ" ಎನ್ನುವ ಫೋನ್ ಎತ್ತುವವಳು ಇನ್ಯಾವ ಎಂಜಿನ್ ಆಗಬೇಕು ಹೇಳಿ. ಪವರ್ ಕಾರ್ ತೆಗೆದಿದ್ದರಿಂದ ಡೀಸೆಲ್ ಉಳಿಯಿತು, ಗಲಾಟೆ ಕಡಿಮೆ ಆಯಿತು ಎಂದು ಎಲ್ಲರಿಗೂ ಖುಷಿ. ಎಂಜಿನ್ನನ್ನು ಯಾರಾದರೂ ಕೇಳಿದರಾ?

ಘಾಟಿ_ಮಳೆ:
ಅಕ್ಕಾ 🙏 ಸಾಕ್ಸ್ ಎಲ್ಲಿತ್ತು?

ಅರಸೀಕೆರೆ_ಅಕ್ಕ:
ಅವನ ಕಾಲಲ್ಲಿ.

ಶಂಟಿಂಗ್_ಶಾಂತಿ:
ನನ್ನ ಬಗ್ಗೆ ಯಾರೂ ಸ್ಟೇಟಸ್ ಹಾಕುವುದಿಲ್ಲ, ವೀಡಿಯೊ ಮಾಡುವುದಿಲ್ಲ. ನಾನು ಡಬ್ಲ್ಯುಡಿಎಸ್-6, ಯಾರ್ಡಿನ ಶಂಟಿಂಗ್ ಎಂಜಿನ್. 1400 ಅಶ್ವಶಕ್ತಿ. ಇಪ್ಪತ್ತೆರಡು ವರ್ಷದಿಂದ ಒಂದೇ ಕಚೇರಿಯಲ್ಲಿ ಫೈಲ್ ಈ ಮೇಜಿನಿಂದ ಆ ಮೇಜಿಗೆ, ಆ ಮೇಜಿನಿಂದ ಈ ಮೇಜಿಗೆ ತಳ್ಳುತ್ತಿದ್ದೇನೆ. ಒಂದು ದಿನ ರಜೆ ಹಾಕಿದರೆ ಮಾತ್ರ ಎಲ್ಲರಿಗೂ ನೆನಪಾಗುತ್ತೇನೆ. ಬೇಜಾರೇನಿಲ್ಲ. ಸಂಜೆ ಮನೆ ಸೇರುತ್ತೇನಲ್ಲ.

ಮೀಟರ್‌ಗೇಜ್_ಮಾವ:
ಶಾಂತಮ್ಮ, ಯಾರ್ಡಿನಲ್ಲಿ ಶಂಟರ್ ಕೈಕೊಟ್ಟರೆ ರಾಜಧಾನಿಯೂ ಪ್ಲಾಟ್‌ಫಾರ್ಮಿಗೆ ಬರುವುದಿಲ್ಲ.

ನನ್ನ ಕಥೆ ಸ್ವಲ್ಪ ಉದ್ದ. ನಮ್ಮಪ್ಪ ಮೀಟರ್‌ಗೇಜ್ ಕಾಲದಲ್ಲಿ ಫೈರ್‌ಮನ್. ವೈಪಿ, ವೈಜಿ ಉಗಿ ಎಂಜಿನ್‌ಗಳಲ್ಲಿ ಕಲ್ಲಿದ್ದಲು ಎಸೆದವರು. ಅವರ ಒಂದು ಅಂಗಿಯೂ ಕಿಡಿ ಬಿದ್ದು ತೂತಾಗದೆ ಇರಲಿಲ್ಲ. ಉಗಿ ಎಂಜಿನ್ ಬೇಕು ಅಂದ ತಕ್ಷಣ ಹೊರಡುವುದಿಲ್ಲ. ಬೆಂಕಿ ಹಾಕಿ, ನೀರು ಕಾದು, ಒತ್ತಡ ಏರುವುದಕ್ಕೆ ಗಂಟೆಗಟ್ಟಲೆ ಬೇಕು. ಅಪ್ಪನೂ ಹಾಗೇ ಇದ್ದರು. ಸಿಟ್ಟು ಬರುವುದಕ್ಕೆ ಮೂರು ದಿನ, ಇಳಿಯುವುದಕ್ಕೆ ಮೂರು ದಿನ.

ನಾನು ವೈಡಿಎಂ-4. ಮೀಟರ್‌ಗೇಜ್ ಡೀಸೆಲ್, ಆಲ್ಕೋದ ತಮ್ಮ ಎನ್ನಬಹುದು. 90ರ ದಶಕದಲ್ಲಿ ಮೈಸೂರು ದಾರಿ, ಹುಬ್ಬಳ್ಳಿ ದಾರಿ ಒಂದೊಂದೇ ಬ್ರಾಡ್‌ಗೇಜ್ ಆಯಿತು. ಎಂಜಿನ್ ಗಟ್ಟಿಮುಟ್ಟಾಗಿಯೇ ಇತ್ತು, ಕಾಲ ಕೆಳಗಿನ ಹಳಿ ಕಿತ್ತರು ಅಷ್ಟೇ. ನಾನು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವನು, ಕಂಪೋಸಿಟರ್. ಕಂಪ್ಯೂಟರ್ ಬಂತು. ಕೈ ಚುರುಕಾಗಿಯೇ ಇತ್ತು. ಹಳಿ ಇರಲಿಲ್ಲ.

ಹೊಗೆಬಂಡಿ_ಹರಿ:
ಮಾವ…

ಮೀಟರ್‌ಗೇಜ್_ಮಾವ:
ಅಯ್ಯೋ, ಅಳಬೇಡಿ! ಆ ವೈಡಿಎಂ-4ಗಳಲ್ಲಿ ಎಷ್ಟೋ ಮಲೇಷ್ಯಾಕ್ಕೆ ಬಾಡಿಗೆಗೆ ಹೋದವು, ಮ್ಯಾನ್ಮಾರ್‌ಗೂ ಹೋದವು. ಅಲ್ಲಿ ಮೀಟರ್‌ಗೇಜ್ ಇತ್ತಲ್ಲ. ನಾನೂ ಹಾಗೇ ಮದುವೆ ಕರೆಯೋಲೆ ತಿದ್ದುವ ಕೆಲಸಕ್ಕೆ ಹೋದೆ. ಈಗ ಊರಿನಲ್ಲಿ ಯಾರ ಮದುವೆ ಆದರೂ ಒತ್ತಕ್ಷರ ಸರಿ ಮಾಡುವುದು ನಾನೇ.

ಲೆಕ್ಕದ_ಮೇಷ್ಟ್ರು:
ನಿಮ್ಮ ಮೇಲೆ ಗೌರವ ಜಾಸ್ತಿ ಆಯಿತು.

ಹಳದಿ_ಬೋರ್ಡ್:
ವಂದೇ ಭಾರತ್! ಬೆಳ್ಳಗೆ, ಚಂದಗೆ, ಫಾಸ್ಟಾಗಿ. ನಾನೇ.

ಹುಬ್ಬಳ್ಳಿ_ಹುಡುಗ:
ಅದಕ್ಕೆ ಎಂಜಿನ್ನೇ ಇಲ್ಲಪ್ಪಾ. ಮೋಟರ್‌ಗಳು ಬೋಗಿಗಳ ಕೆಳಗೇ ಹಂಚಿಕೊಂಡಿವೆ. ನಿಯಮ 2.

ಹಳದಿ_ಬೋರ್ಡ್:
ಹಾಗಾದರೆ ಇನ್ನೂ ಸರಿ. ನಮ್ಮ ಮನೆಯಲ್ಲಿ ಯಜಮಾನ ಅಂತ ಯಾರೂ ಇಲ್ಲ. ಎಲ್ಲರೂ ತಳ್ಳುತ್ತೇವೆ.

ಕೋಡ್_ಬರೆಯುವ_ಕುಮಾರ:
ಅಷ್ಟು ಆಸೆ ಇದ್ದರೆ ಅಮೃತ್ ಭಾರತ್ ತೆಗೆದುಕೊಳ್ಳಿ. ಮುಂದೊಂದು ಹಿಂದೊಂದು ಡಬ್ಲ್ಯುಎಪಿ-5. ಒಂದು ಎಳೆಯುತ್ತದೆ, ಒಂದು ತಳ್ಳುತ್ತದೆ. ಮಾಲ್ಡಾದಿಂದ ನಮ್ಮ ಬೆಂಗಳೂರಿಗೇ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಇಎಂಐ ಕಟ್ಟುವ ಮನೆ ಹಾಗೆ.

ಘಾಟಿ_ಮಳೆ:
ತಳ್ಳುವ ಮಾತು ಬಂದಿದ್ದಕ್ಕೆ ನಾನೂ ಬಾಯಿ ಬಿಡುತ್ತೇನೆ. ನಾನು ಬ್ಯಾಂಕರ್. ದುಡ್ಡಿನ ಬ್ಯಾಂಕಿನವಳಲ್ಲ, ಘಾಟಿಯಲ್ಲಿ ರೈಲಿನ ಹಿಂದೆ ಹಚ್ಚುವ ಎಂಜಿನ್.

ನಮ್ಮೂರು ಸಕಲೇಶಪುರದ ಪಕ್ಕ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ., 57 ಸುರಂಗ, 50 ಅಡಿ ಹೋದರೆ ಒಂದು ಅಡಿ ಏರು. ಮಳೆಗಾಲದಲ್ಲಿ ಹಳಿ ಮೇಲೆ ನೀರು, ಎಲೆ, ಪಾಚಿ. ಚಕ್ರ ಜಾರುತ್ತದೆ, ಚಕ್ರದ ಮುಂದೆ ಮರಳು ಉದುರಿಸಿಕೊಂಡು ಹತ್ತಬೇಕು. ಮುಂದಿನ ಎಂಜಿನ್ ಒಂದಕ್ಕೇ ಆಗುವ ಕೆಲಸ ಅಲ್ಲ. ಹಿಂದಿನಿಂದ ತಳ್ಳುವವರು ಬೇಕು. ಮೇಲೆ ಬಂದ ಮೇಲೆ ಕೊಂಡಿ ಬಿಚ್ಚುತ್ತಾರೆ. ರೈಲು ಬೆಂಗಳೂರಿಗೆ ಹೋಗುತ್ತದೆ. ಬ್ಯಾಂಕರ್ ವಾಪಸ್ ಕೆಳಗೆ, ಮುಂದಿನ ಗಾಡಿಗೆ.

ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಪ್ರತಿ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ಕೊಂಡಿ ಬಿಚ್ಚುತ್ತದೆ. ಜೂನ್‌ನಲ್ಲಿ ಮತ್ತೆ ಅದೇ 'ಬಹುಪದೋಕ್ತಿಗಳು'.

ಅರಸೀಕೆರೆ_ಅಕ್ಕ:
ಹೋದವರು ಒಂದು ಫೋನ್ ಆದರೂ ಮಾಡುತ್ತಾರಾ?

ಘಾಟಿ_ಮಳೆ:
ಒಬ್ಬ ಮಾಡುತ್ತಾನೆ. ಈಗ ಎಂಜಿನಿಯರ್. ಮಗಳಿಗೆ ಗಣಿತ ಬರುತ್ತಿಲ್ಲ, ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುತ್ತೀರಾ ಮಿಸ್ ಅಂತ.

ನೈಟ್‌ಡ್ಯೂಟಿ:
ತುಂಬ ದಿನದಿಂದ ಓದುತ್ತೇನೆ, ಬರೆಯುತ್ತಿರುವುದು ಮೊದಲ ಸಲ. ನಾನು ಎಂಜಿನ್ ಓಡಿಸುವವನು, ಹಾಗಾಗಿ ನಿಮ್ಮ ಮಾತೆಲ್ಲ ಓದಿ ನಗು ಬರುತ್ತದೆ. ಘಾಟಿಯಲ್ಲಿ ತಳ್ಳುವುದನ್ನಷ್ಟೇ ಎಲ್ಲರೂ ಹೇಳುತ್ತೀರಿ. ಹತ್ತುವುದು ಕಷ್ಟ, ಇಳಿಯುವುದು ಭಯ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂ ಕಡೆಗೆ ಇಳಿಯುವಾಗ ಇಳಿಜಾರು 37ಕ್ಕೆ 1. ಅಲ್ಲಿ ಎಂಜಿನ್ನಿನ ಶಕ್ತಿ ಯಾರಿಗೆ ಬೇಕು? ಹಿಡಿದುಕೊಳ್ಳುವ ಗುಣ ಬೇಕು. ಮೋಟರನ್ನೇ ಜನರೇಟರ್ ಮಾಡಿ ವೇಗ ತಡೆಯುತ್ತೇವೆ. ಡೀಸೆಲ್‌ನಲ್ಲಿ ಆ ಕರೆಂಟೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೊಸ ಎಲೆಕ್ಟ್ರಿಕ್‌ನಲ್ಲಿ ವಾಪಸ್ ತಂತಿಗೆ ಹೋಗುತ್ತದೆ.

ಮನುಷ್ಯರನ್ನೂ ಹಾಗೇ ನೋಡಿ. ಸಿಟ್ಟು ತಡೆದುಕೊಳ್ಳುವಾಗ ಕೆಲವರ ತಲೆ ಬರೀ ಬಿಸಿಯಾಗುತ್ತದೆ. ಕೆಲವರು ಅದೇ ಸಿಟ್ಟಿನಲ್ಲಿ ಹೋಗಿ ಪಾತ್ರೆ ಎಲ್ಲ ತೊಳೆದಿಡುತ್ತಾರೆ. ನಾನು ಡೀಸೆಲ್. ಪಾತ್ರೆ ತೊಳೆಯುವವರು ನಮ್ಮ ಮನೆಯವರು.

ಹೊಗೆಬಂಡಿ_ಹರಿ:
ಗುರುಗಳೇ, ಬಂದಿರಲ್ಲ! ಒಂದು ಪ್ರಶ್ನೆ. ನಿದ್ದೆ ಬರದ ಹಾಗೆ ಒತ್ತುವ ಬಟನ್ ಇರುತ್ತದಂತಲ್ಲ?

ನೈಟ್‌ಡ್ಯೂಟಿ:
ವಿಸಿಡಿ. ನಾಚ್, ಹಾರ್ನ್, ಬ್ರೇಕ್ ಏನಾದರೂ ಮುಟ್ಟುತ್ತಿದ್ದರೆ ಸರಿ. ಸುಮಾರು 60 ಸೆಕೆಂಡ್ ಏನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಬಜರ್ ಕೂಗುತ್ತದೆ. ಆಗಲೂ ಬಟನ್ ಒತ್ತದಿದ್ದರೆ ತಾನೇ ಬ್ರೇಕ್ ಹಾಕಿಬಿಡುತ್ತದೆ.

ಹೊಗೆಬಂಡಿ_ಹರಿ:
ನಮ್ಮ ಮನೆಯಲ್ಲೂ ಇದೆ. ಅವಳು ಅಕ್ಕನ ಮನೆ ಕಥೆ ಹೇಳುವಾಗ ನಿಮಿಷಕ್ಕೊಂದು "ಹ್ಞೂಂ" ಒತ್ತಬೇಕು. ಮರೆತರೆ ಮೊದಲು ದೀಪ, ಆಮೇಲೆ ಬಜರ್.

ನೈಟ್‌ಡ್ಯೂಟಿ:
ನಮ್ಮದನ್ನಾದರೂ ಬಟನ್ ಒತ್ತಿ ಸುಮ್ಮನಾಗಿಸಬಹುದು.

ಜ್ಯೂರಿಕ್_ಜಯ:
ಸ್ವಿಟ್ಜರ್ಲೆಂಡ್‌ನಿಂದ ನಮಸ್ಕಾರ. ಮೂಲತಃ ಬಾಣಾವರದವಳು. ಇಲ್ಲಿ 'ಮೊಸಳೆ' ಎನ್ನುವ ಹಳೇ ಎಂಜಿನ್ ಇದೆ. ನಡುವೆ ಕ್ಯಾಬಿನ್, ಎರಡೂ ಕಡೆ ಉದ್ದ ಮೂತಿ. ತಿರುವಿನಲ್ಲಿ ಮೂತಿಗಳು ಬೇರೆ ಬೇರೆಯಾಗಿ ತಿರುಗುತ್ತವೆ, ಹೊಟ್ಟೆ ಮಾತ್ರ ಇದ್ದಲ್ಲೇ. ಬೆರ್ಗ್ಯೂನ್ ಎಂಬ ಊರಿನ ಸ್ಟೇಷನ್ನಿನ ಪಕ್ಕ ಒಂದನ್ನು ನಿಲ್ಲಿಸಿದ್ದಾರೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ನಾನೇ ಅದು ಅನ್ನಿಸಿತು. ಒಂದು ಮೂತಿ ಇಲ್ಲಿ, ಇನ್ನೊಂದು ಊರಿನ ಕಡೆ.

ಮಜಾ ಏನೆಂದರೆ ಇದರ ನೆಂಟರು ನಮ್ಮ ದೇಶದಲ್ಲೂ ಇದ್ದರು. ಡಬ್ಲ್ಯುಸಿಜಿ-1, 1928ರಲ್ಲಿ ಮುಂಬೈ ಕಡೆಯ ಘಾಟಿಗಳಿಗೆ ತಂದಿದ್ದು. ಮೊದಲ ಕೆಲವನ್ನು ಮಾಡಿದ್ದು ಇಲ್ಲಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಲ್ಲಿ. ಜ್ಯೂರಿಕ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಊಟಿ ರೈಲಿನ ಹಳೇ ಎಕ್ಸ್ ಕ್ಲಾಸ್ ಉಗಿ ಎಂಜಿನ್‌ಗಳೂ ಅದೇ ಕಾರ್ಖಾನೆಯವು. ಘಾಟಿ_ಮಳೆ ಅವರೇ, ಅದೂ ನಿಮ್ಮ ಜಾತಿಯದ್ದೇ. ಏರಿನಲ್ಲಿ ಬೋಗಿಗಳ ಹಿಂದೆ ನಿಂತು ತಳ್ಳುತ್ತದೆ. 12ಕ್ಕೆ 1 ಏರು, ನಡುವೆ ಹಲ್ಲಿನ ಹಳಿ.

ಘಾಟಿ_ಮಳೆ:
12ಕ್ಕೆ 1!! ನಾನು 50ಕ್ಕೆ 1 ಅಂತ ಬೀಗುತ್ತಿದ್ದೆ. ಆ ಎಂಜಿನ್‌ಗೆ ನನ್ನ ನಮಸ್ಕಾರ ಹೇಳಿ.

ಮೀಟರ್‌ಗೇಜ್_ಮಾವ:
ಬಾಣಾವರ ಅಂದಿರಾ? ಯಾರ ಮನೆಯವರಮ್ಮ ನೀವು?

ಜ್ಯೂರಿಕ್_ಜಯ:
ಇಲ್ಲಿ ಬೇಡ ಮಾವ, ಆಮೇಲೆ ನೀವು ನಮ್ಮಮ್ಮನಿಗೆ ಹೇಳಿಬಿಡುತ್ತೀರಿ 😄

ಬಸ್ಸಿನಿಂದ_ಬಂದವನು:
ನನಗಿನ್ನೂ ಎಂಜಿನ್ ಸಿಗಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ನನಗೆ ಪ್ರಪಂಚವೇ ಬೇಡ. ಇದಕ್ಕೆ ಯಾವುದು?

ನೈಟ್‌ಡ್ಯೂಟಿ:
ಯಾವ ಎಲೆಕ್ಟ್ರಿಕ್ ಆದರೂ ಆಗುತ್ತದೆ. ದಾರಿಯಲ್ಲಿ ನ್ಯೂಟ್ರಲ್ ಸೆಕ್ಷನ್ ಬರುತ್ತದೆ, ತಂತಿಯಲ್ಲಿ ಕರೆಂಟ್ ಇಲ್ಲದ ಚಿಕ್ಕ ಜಾಗ. 500 ಮೀಟರ್ ಮುಂಚೆ ಬೋರ್ಡ್, 250 ಮೀಟರ್ ಮುಂಚೆ ಇನ್ನೊಂದು. ಡಿಜೆ (ಎಂಜಿನ್ನಿನ ಮುಖ್ಯ ಸ್ವಿಚ್) ಓಪನ್ ಮಾಡಿ ಸುಮ್ಮನೆ ತೇಲಿಕೊಂಡು ಹೋಗಬೇಕು, ದಾಟಿದ ಮೇಲೆ ಮತ್ತೆ ಹಾಕಬೇಕು. ಆದರೆ ನಮ್ಮದು ಕೆಲವೇ ಸೆಕೆಂಡ್. ನಿಮ್ಮದು ಎರಡು ಗಂಟೆ ಅಂದರೆ ಗಾಡಿ ನಿಂತೇ ಹೋಗುತ್ತದೆ.

ಬಸ್ಸಿನಿಂದ_ಬಂದವನು:
ನಿಲ್ಲುವುದೇ ನನ್ನ ಉದ್ದೇಶ.

ಶಂಟಿಂಗ್_ಶಾಂತಿ:
ಅದಿರಲಿ, ಎಲ್ಲರನ್ನೂ ತಿದ್ದಿದ ಮೇಷ್ಟ್ರು ತಮ್ಮದು ಯಾವ ಎಂಜಿನ್ ಅಂತ ಹೇಳಲೇ ಇಲ್ಲ.

ಹುಬ್ಬಳ್ಳಿ_ಹುಡುಗ:
ಹೌದಲ್ವಾ! ಹೇಳ್ರೀ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು:
ಯೋಚಿಸುತ್ತಿದ್ದೇನೆ. ಡಬ್ಲ್ಯುಎಪಿ-4 ಇರಬಹುದು. 32 ನಾಚ್. ಒಂದೊಂದೇ ಮೆಟ್ಟಿಲು ಲೆಕ್ಕ ಹಾಕಿ ಏರುವುದು. ಆದರೆ ಪೂರ್ತಿ ಒಪ್ಪಿಗೆ ಇಲ್ಲ.

ಹೊಗೆಬಂಡಿ_ಹರಿ:
ಮನೆಯವಳು ಪಕ್ಕದಲ್ಲೇ ಕೂತು ಇದನ್ನೆಲ್ಲ ಓದುತ್ತಿದ್ದಾಳೆ. ಮೇಷ್ಟ್ರು ಗೂಡ್ಸ್ ಗಾಡಿಯ ಕೊನೆಯ ಬ್ರೇಕ್ ವ್ಯಾನ್ ಅಂತೆ. ಎಲ್ಲರೂ ಮುಂದೆ ಹೋದ ಮೇಲೆ ಹಿಂದಿನಿಂದ ಬಂದು, ಎಲ್ಲ ಸರಿ ಇದೆಯಾ ಅಂತ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ಬಾವುಟ ತೋರಿಸುವವರು.

ಲೆಕ್ಕದ_ಮೇಷ್ಟ್ರು:
ಬ್ರೇಕ್ ವ್ಯಾನ್ ಎಂಜಿನ್ ಅಲ್ಲ. ನಿಯಮ 2 ನೋಡಿ.